ಡಿಪಾಸಿಟ್ ಕೊಟ್ಟು ತಂದ ಕೆಗ್ ನನ್ನದೇ ಅಲ್ವಾ? ಅದನ್ನು ಕತ್ತರಿಸಿ ಬಿಯರ್ ಕುದಿಸುವ ಹಂಡೆ ಮಾಡಬಹುದಾ?

ಪ್ರಶ್ನೆ: ನಾನು ಅಮೆರಿಕದ ಓಹಾಯೋದಲ್ಲಿದ್ದೇನೆ. ಎರಡು ವರ್ಷದಿಂದ ಮನೆಯಲ್ಲೇ ಬಿಯರ್ ಮಾಡುತ್ತಿದ್ದೇನೆ. ಅಡುಗೆಮನೆಯ ಸ್ಟವ್ ಮೇಲೆ, ಒಂದು ಸಲಕ್ಕೆ 5 ಗ್ಯಾಲನ್. ಈಗ 10 ಗ್ಯಾಲನ್ ಮಾಡಬೇಕು ಅಂತ ಆಸೆ. ಮನೆ ಒಕ್ಕಲಿನ ಪಾರ್ಟಿಗೆ ಅಂಗಡಿಯಿಂದ ಒಂದು ದೊಡ್ಡ ಕೆಗ್, ಅಂದರೆ ಬಿಯರ್ ತುಂಬಿದ ಲೋಹದ ಪೀಪಾಯಿ, ತಂದಿದ್ದೆವು. ಅದಕ್ಕೆ 50 ಡಾಲರ್ ಡಿಪಾಸಿಟ್ ಕಟ್ಟಿದ್ದೇನೆ. ಕೆಗ್ ಇನ್ನೂ ಗ್ಯಾರೇಜಿನಲ್ಲೇ ಇದೆ. ‘ಡಿಪಾಸಿಟ್ ಬಿಟ್ಟುಬಿಡು, ಕೆಗ್ ನಿಂದೇ ಆಗತ್ತೆ. ಮೇಲ್ಭಾಗ ಕತ್ತರಿಸಿ ಒಂದು ನಲ್ಲಿ ಕೂರಿಸಿದರೆ ಮುಗೀತು’ ಅಂತ ಗೆಳೆಯ ಹೇಳುತ್ತಾನೆ. ಅವನ ಹತ್ತಿರ ಗ್ರೈಂಡರ್ ಇದೆ. ಆದರೆ ಬೆಸುಗೆ ಇಲ್ಲದ ನಲ್ಲಿ ಸೋರುತ್ತದೆ ಅಂತ ಒಬ್ಬರು, ಬಿಯರಿಗೆ ಲೋಹದ ವಾಸನೆ ಬರುತ್ತದೆ ಅಂತ ಇನ್ನೊಬ್ಬರು ಹೆದರಿಸಿದ್ದಾರೆ. ಬೆಂಕಿ ಮೇಲಿಟ್ಟರೆ ಕೆಗ್ ಸಿಡಿಯುತ್ತದೆ ಅನ್ನೋದು ನನ್ನ ಹೆಂಡತಿಯ ಭಯ. ಕೆಗ್ ಬಿಟ್ಟು ದೊಡ್ಡ ಪಾತ್ರೆಯನ್ನೇ ಕೊಳ್ಳುವುದು ಒಳ್ಳೆಯದಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಚಿಂತೆ ಇವೆ: ಕೆಗ್ ಯಾರದು, ಸಿಡಿಯುತ್ತದಾ, ಸೋರುತ್ತದಾ, ರುಚಿ ಕೆಡುತ್ತದಾ. ಇದರಲ್ಲಿ ನೀವು ಕಡಿಮೆ ಯೋಚನೆ ಮಾಡಿರುವುದು ಮೊದಲನೆಯದರ ಬಗ್ಗೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ಕೆಗ್ ನಿಮ್ಮದಲ್ಲ. ಡಿಪಾಸಿಟ್ ಅಂದರೆ ಬೆಲೆ ಅಲ್ಲ, ವಾಪಸ್ ತಂದುಕೊಡುತ್ತೀರಿ ಅನ್ನುವುದಕ್ಕೆ ಇಟ್ಟುಕೊಂಡ ಒತ್ತೆ. ಊರಲ್ಲಿ ಮದುವೆಗೆ ಶಾಮಿಯಾನದವರಿಂದ ಪಾತ್ರೆ ಬಾಡಿಗೆಗೆ ತರುತ್ತೇವಲ್ಲ, ಮುಂಗಡ ಬಿಟ್ಟುಕೊಟ್ಟರೆ ಕೊಪ್ಪರಿಗೆ ನಮ್ಮದಾಗುತ್ತದಾ? ಇದೂ ಹಾಗೆಯೇ. ಕೆಗ್ ಅಂಗಡಿಯವರದ್ದೂ ಅಲ್ಲ. ಅದು ಬ್ರೂವರಿಯ, ಅಂದರೆ ಬಿಯರ್ ತಯಾರಿಸುವವರ, ಸ್ವತ್ತು, ಇಲ್ಲವೇ ಬ್ರೂವರಿಗೆ ಬಾಡಿಗೆ ಕೊಟ್ಟ ಕಂಪನಿಯ ಸ್ವತ್ತು. ಅದರ ಮೇಲಿನ ಅಂಚನ್ನು ಒಮ್ಮೆ ಒರೆಸಿ ನೋಡಿ. ಬಹುತೇಕ ಕೆಗ್‌ಗಳ ಮೇಲೆ ಮಾಲೀಕರ ಹೆಸರನ್ನು ಅಚ್ಚೊತ್ತಿರುತ್ತಾರೆ. ಹೊಸ ಕೆಗ್ ಮಾಡಿಸಲು ಬ್ರೂವರಿಗೆ ನಿಮ್ಮ 50 ಡಾಲರಿಗಿಂತ ಎಷ್ಟೋ ಜಾಸ್ತಿ ಖರ್ಚಾಗುತ್ತದೆ. ದೊಡ್ಡ ಕಂಪನಿ ಹೇಗೋ ತಡೆದುಕೊಳ್ಳುತ್ತದೆ. ನೂರಿನ್ನೂರು ಕೆಗ್ ಇಟ್ಟುಕೊಂಡು ವ್ಯಾಪಾರ ಮಾಡುವ ಸಣ್ಣ ಬ್ರೂವರಿಗೆ ಹತ್ತು ಕೆಗ್ ವಾಪಸ್ ಬರದಿದ್ದರೆ ಆ ತಿಂಗಳ ಲೆಕ್ಕವೇ ತಪ್ಪುತ್ತದೆ. ನಾನು ಹಾಲಿನ ಡೇರಿಗಳಿಗೂ ಸಣ್ಣ ಬ್ರೂವರಿಗಳಿಗೂ ಸ್ಟೀಲ್ ಟ್ಯಾಂಕ್ ಬೆಸುಗೆ ಹಾಕುವ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವನು. ಈ ನಷ್ಟದ ಮಾತನ್ನು ಆ ಜನರ ಬಾಯಿಂದಲೇ ಕೇಳಿದ್ದೇನೆ. ಹಾಗಾಗಿ ಆ ಕೆಗ್ ವಾಪಸ್ ಕೊಟ್ಟು ಡಿಪಾಸಿಟ್ ತಗೊಳ್ಳಿ. ನಿಮ್ಮ ಗೆಳೆಯ ಹೇಳಿದ್ದು ಸುಮ್ನೆ ಬಾಯಿಂದ ಬಾಯಿಗೆ ಬಂದ ಮಾತು. ಕಾನೂನಿನ ಕಣ್ಣಲ್ಲಿ ಅದು ಕಳ್ಳತನ.

ನ್ಯಾಯವಾಗಿ ಕೆಗ್ ಸಿಗುವ ದಾರಿಗಳು ಇವೆ. ನಿಮ್ಮೂರಿನ ಸಣ್ಣ ಬ್ರೂವರಿಗೆ ಹೋಗಿ ಕೇಳಿ. ಕುತ್ತಿಗೆ ಹಾಳಾಗಿ ಗ್ಯಾಸ್ ಹಿಡಿಯದ, ಪಕ್ಕಕ್ಕೆ ನೆಗ್ಗಿದ ಕೆಗ್‌ಗಳು ಅವರ ಹಿತ್ತಲಲ್ಲಿ ಬಿದ್ದಿರುತ್ತವೆ. ಬಿಯರ್ ತುಂಬಲು ಅವು ಬಾರವು, ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಕೊಳ್ಳುವಾಗ ಒಂದು ಚೀಟಿ ಬರೆಸಿಕೊಳ್ಳಿ. ಮನೆ ಬಿಯರಿನ ಸಾಮಾನು ಮಾರುವ ಕೆಲವು ಅಂಗಡಿಗಳಲ್ಲಿ ಮೇಲ್ಭಾಗ ಕತ್ತರಿಸಿ, ಅಂಚು ನಯ ಮಾಡಿ, ನಲ್ಲಿ ಕೂರಿಸಿದ ಕೆಗ್ಗೇ ಸಿಗುತ್ತದೆ. ಗುಜರಿಯಲ್ಲಿ, ಆನ್‌ಲೈನ್ ಸಂತೆಯಲ್ಲಿ ತೀರಾ ಅಗ್ಗಕ್ಕೆ ಕಂಡರೆ ಮಾಲೀಕರ ಅಚ್ಚು ಏನಿದೆ ನೋಡಿ, ಅನುಮಾನ ಬಂದರೆ ಬಿಟ್ಟುಬಿಡಿ.

ಯಾವ ಕೆಗ್ ಅನ್ನುವುದೂ ಮುಖ್ಯ. ನಿಮಗೆ ಬೇಕಾಗಿರುವುದು ಅಮೆರಿಕದವರು ಹಾಫ್ ಬ್ಯಾರೆಲ್ ಅನ್ನುವ ಅಳತೆ. 15.5 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 58.7 ಲೀಟರ್. ಯೂರೋಪಿನ 50 ಲೀಟರ್ ಕೆಗ್ ಕೂಡ ನೋಡಲು ಹಾಗೇ ಇರುತ್ತದೆ, ಆದರೆ ಅದು 13 ಗ್ಯಾಲನ್ ಚಿಲ್ಲರೆ ಅಷ್ಟೇ. 10 ಗ್ಯಾಲನ್ ಬಿಯರ್ ಕೈಗೆ ಬರಬೇಕಾದರೆ 12ರಿಂದ 13 ಗ್ಯಾಲನ್ ಮಾಲ್ಟ್ ರಸ, ಅಂದರೆ ಮೊಳಕೆ ಬರಿಸಿದ ಧಾನ್ಯದಿಂದ ಬಸಿದ ವೋರ್ಟ್, ಕುದಿಯಲು ಇಡಬೇಕು. ಗಂಟೆಗೆ ಒಂದು, ಒಂದೂವರೆ ಗ್ಯಾಲನ್ ಆವಿಯಾಗುತ್ತದೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಜೊತೆಗೆ ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಮೇಲೆ ನೊರೆ ಏಳಲು ಜಾಗವೂ ಬೇಕು. ಕುದಿ ಹತ್ತುವ ಹೊತ್ತಿಗೆ ವೋರ್ಟ್ ಹಾಲಿನ ಹಾಗೆಯೇ ಒಮ್ಮೆಲೇ ಉಕ್ಕುತ್ತದೆ. 50 ಲೀಟರ್ ಕೆಗ್ಗಿನಲ್ಲಿ ಆ ಜಾಗ ಸಾಲದು.

ರಬ್ಬರ್ ಹೊದಿಕೆ ಇರುವ ಕೆಗ್ ಬೇಡ, ಬೆಂಕಿಗೆ ಸುಟ್ಟು ನಾರುತ್ತದೆ. ಹಳೆಯ ಅಲ್ಯೂಮಿನಿಯಂ ಕೆಗ್ ಕೂಡ ಬೇಡ. ಅದರಲ್ಲಿ ಅಡುಗೆ ಮಾಡಬಾರದು ಅಂತಲ್ಲ, ಅದಕ್ಕೆ ಬೆಸುಗೆ ಹಾಕುವುದು ಬೇರೆಯೇ ಕೆಲಸ. ಆಯಸ್ಕಾಂತ ಇಟ್ಟು ಪರೀಕ್ಷೆ ಮಾಡಿ ಅಂತ ಕೆಲವರು ಹೇಳುತ್ತಾರೆ. ಉಪಯೋಗ ಇಲ್ಲ. ಕೆಗ್ ಮಾಡುವ 304 ಸ್ಟೇನ್‌ಲೆಸ್ ಸ್ಟೀಲೂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅಲ್ಯೂಮಿನಿಯಮ್ಮೂ ಅಂಟುವುದಿಲ್ಲ. ತೂಗಿ ನೋಡಿ. ಸ್ಟೀಲಿನ ಖಾಲಿ ಹಾಫ್ ಬ್ಯಾರೆಲ್ ಸುಮಾರು 30 ಪೌಂಡ್, ಅಂದರೆ 13-14 ಕೆಜಿ ಇರುತ್ತದೆ.

ಈಗ ನಿಮ್ಮ ಹೆಂಡತಿಯವರ ಭಯಕ್ಕೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಮತ್ತು ಆ ಅರ್ಧ ಬಹಳ ದೊಡ್ಡದು. ಮೇಲ್ಭಾಗ ಪೂರ್ತಿ ತೆರೆದ ಕೆಗ್ ಬರೀ ಹಂಡೆ. ಆವಿ ಹೊರಗೆ ಹೋಗುತ್ತಲೇ ಇರುತ್ತದೆ, ಒತ್ತಡ ಕಟ್ಟುವುದಿಲ್ಲ, ಸಿಡಿಯುವುದೂ ಇಲ್ಲ. ಆದರೆ ಕತ್ತರಿಸದ, ಬಾಯಿ ಮುಚ್ಚಿದ ಕೆಗ್ಗನ್ನು ಬೆಂಕಿಯ ಹತ್ತಿರವೂ ತರಬಾರದು. ಅದು ಬಾಂಬಿಗೆ ಸಮ. ನಿಜವಾದ ಅಪಾಯ ಅಡುಗೆಯ ದಿನ ಇಲ್ಲ, ಕೆಗ್ ಬಿಚ್ಚುವ ದಿನ ಇದೆ.

ಕೆಗ್ಗಿನ ಕುತ್ತಿಗೆಯೊಳಗೆ ಒಂದು ಉದ್ದನೆ ಕೊಳವೆ ತಳದವರೆಗೂ ಇಳಿದಿರುತ್ತದೆ. ಅದಕ್ಕೆ ಸ್ಪಿಯರ್, ಅಂದರೆ ಭರ್ಜಿ, ಅನ್ನುತ್ತಾರೆ. ಅಮೆರಿಕದ ಸ್ಯಾಂಕಿ ಅನ್ನುವ ಮಾದರಿಯ ಕೆಗ್‌ಗಳಲ್ಲಿ ಅದನ್ನು ಹಿಡಿದಿರುವುದು ಒಂದು ತೆಳ್ಳನೆ ರಿಂಗ್ ಮಾತ್ರ. ಬಿಯರ್ ಮುಗಿದರೂ ಒಳಗೆ ಇಂಗಾಲದ ಡೈಆಕ್ಸೈಡ್ ಒತ್ತಡದಲ್ಲೇ ಉಳಿದಿರುತ್ತದೆ. ಆ ಒತ್ತಡ ತೆಗೆಯದೆ ರಿಂಗ್ ಕಿತ್ತರೆ ಭರ್ಜಿ ಹೆಸರಿಗೆ ತಕ್ಕಂತೆ ಮೇಲಕ್ಕೆ ಹಾರುತ್ತದೆ. ಬಗ್ಗಿ ನೋಡುತ್ತಿರುವವರ ಮುಖಕ್ಕೇ ಬಡಿಯುತ್ತದೆ. ಇದರಲ್ಲಿ ಪ್ರಾಣ ಹೋದದ್ದೂ ಇದೆ.

ನಾನು ಮಾಡುವ ಕ್ರಮ ಹೀಗಿದೆ. ಕೆಗ್ಗನ್ನು ನೆಟ್ಟಗೆ ನಿಲ್ಲಿಸಿ ಒಂದು ರಾತ್ರಿ ತಣ್ಣಗೆ ಬಿಡುತ್ತೇನೆ. ಅಲ್ಲಾಡಿಸುವುದಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಗ್ಯಾಸ್ ಬದಿಯ ಒಂದುಮುಖ ವಾಲ್ವ್ ತೆಗೆದಿಟ್ಟ ಕಪ್ಲರನ್ನು (ಕೆಗ್ಗಿಗೆ ಪೈಪು ಜೋಡಿಸುವ ಕೊಂಡಿ) ಕುತ್ತಿಗೆಗೆ ಸಿಕ್ಕಿಸಿ ಒತ್ತುತ್ತೇನೆ. ಗ್ಯಾಸು ಸುಂಯ್ ಅಂತ ಹೋಗುತ್ತದೆ. ಶಬ್ದ ನಿಂತ ಮೇಲೂ ಕಪ್ಲರ್ ಹಾಗೇ ಇರಲಿ. ಹತ್ತು ನಿಮಿಷ ಬಿಟ್ಟು ತೆಗೆದು, ಬಟ್ಟೆ ಮುಚ್ಚಿ ಮತ್ತೊಮ್ಮೆ ಒತ್ತಿ ನೋಡುತ್ತೇನೆ. ಏನೂ ಬರದಿದ್ದರೆ ಮಾತ್ರ ರಿಂಗಿಗೆ ಕೈ ಹಾಕುವುದು. ಆಗಲೂ ಮುಖ, ಎದೆ ಕುತ್ತಿಗೆಯ ಮೇಲೆ ಬರದ ಹಾಗೆ ಪಕ್ಕದಲ್ಲಿ ನಿಲ್ಲುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಕೆಗ್ ಪೂರ್ತಿ ಖಾಲಿ ಅಂತ ಮಾರಿದವರು ಹೇಳಿದ್ದರು. ನಾನೂ ನಂಬಿದೆ. ಸ್ಕ್ರೂಡ್ರೈವರ್ ತಾಗಿಸಿದ ಕೂಡಲೇ ಹಳಸಿದ ನೊರೆ ಛಾವಣಿಗೆ ಬಡಿಯಿತು. ರಿಂಗ್ ಇನ್ನೂ ತೆಗೆದಿರಲಿಲ್ಲ, ಅದಕ್ಕೇ ಬಚಾವಾದೆ. ಅವತ್ತಿನಿಂದ ಯಾರು ಖಾಲಿ ಅಂದರೂ ಪೂರ್ತಿ ಕ್ರಮ ಅನುಸರಿಸುತ್ತೇನೆ. ಕಪ್ಲರ್ ಇಲ್ಲದಿದ್ದರೆ ಕೆಗ್ ಕೊಡುವ ಬ್ರೂವರಿಯವರಿಗೇ ಸ್ಪಿಯರ್ ತೆಗೆದುಕೊಡಿ ಅಂತ ಕೇಳಿ. ಅವರಿಗೆ ಎರಡು ನಿಮಿಷದ ಕೆಲಸ.

ಕತ್ತರಿಸುವ ವಿಷಯ. ಮೇಲಿನ ಹಿಡಿಕೆಯ ಉಂಗುರ ಹಾಗೇ ಉಳಿಯಬೇಕು, ಎತ್ತುವುದಕ್ಕೆ ಅದೇ ಆಧಾರ. ಒಳಗಿನ ಗುಮ್ಮಟದಲ್ಲಿ 12 ಇಂಚಿಗಿಂತ ಒಂಚೂರು ಕಡಿಮೆ ಅಗಲದ ವೃತ್ತ ಕತ್ತರಿಸಿ. ಆಗ ಅಂಗಡಿಯಲ್ಲಿ ಸಿಗುವ 12 ಇಂಚಿನ ಮುಚ್ಚಳ ಅದರ ಮೇಲೆ ಕೂರುತ್ತದೆ. ಮೊದಲು ಮುಚ್ಚಳ ಕೊಂಡು, ಅದನ್ನು ಅಳೆದು, ಆಮೇಲೆ ಗೆರೆ ಎಳೆಯಿರಿ. ಬರೀ ಕೈಯಲ್ಲಿ ಗ್ರೈಂಡರ್ ಹಿಡಿದು ವೃತ್ತ ತೆಗೆಯುವುದು ಕಷ್ಟ. ಕುತ್ತಿಗೆಯ ತೂತಿಗೆ ಒಂದು ಮರದ ಬಿರಡೆ ಬಿಗಿಯಾಗಿ ಕೂರಿಸಿ, ಅದರ ನಡುವೆ ಬೋಲ್ಟ್ ಹಾಕಿ, ಆ ಬೋಲ್ಟಿಗೆ ಸುತ್ತುವ ಹಾಗೆ ಗ್ರೈಂಡರನ್ನು ಒಂದು ಪಟ್ಟಿಗೆ ಕಟ್ಟಿಕೊಂಡರೆ ಕೈವಾರದ ಹಾಗೆ ಸುತ್ತುತ್ತದೆ. ಒಂದೇ ಸಲಕ್ಕೆ ಒಳಗಿಳಿಸಬೇಡಿ. ಮೊದಲ ಸುತ್ತು ಬರೀ ಗೀರು, ಆಮೇಲೆ ಸ್ವಲ್ಪ ಸ್ವಲ್ಪ ಆಳ.

ಗ್ರೈಂಡರಿನ ಚಕ್ರ ಹೊಸದಿರಲಿ, ಸ್ಟೇನ್‌ಲೆಸ್ಸಿಗೆ ಅಂತಲೇ ಇರುವುದಿರಲಿ. ನಿಮ್ಮ ಗೆಳೆಯ ಗೇಟಿನ ಕಬ್ಬಿಣ ಕತ್ತರಿಸಿದ ಚಕ್ರವನ್ನೇ ಹಾಕಿದರೆ ಅದರಲ್ಲಿರುವ ಕಬ್ಬಿಣದ ಪುಡಿ ಸ್ಟೀಲಿಗೆ ಮೆತ್ತಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ಸಿನ ಪುಡಿಯಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತದೆ, ಶ್ವಾಸಕೋಶಕ್ಕೆ ಹೋಗಬಾರದು. ಒಳ್ಳೆಯ ಮಾಸ್ಕ್, ಮುಖಕ್ಕೆ ಪೂರ್ತಿ ಶೀಲ್ಡ್, ಕಿವಿಗೆ ಮುಚ್ಚಳ ಹಾಕಿಕೊಳ್ಳಿ. ಖಾಲಿ ಕೆಗ್ ಗಂಟೆಯ ಹಾಗೆ ಮೊಳಗುತ್ತದೆ, ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿ. ಕತ್ತರಿಸಿದ ಅಂಚು ಬ್ಲೇಡಿನಷ್ಟು ಹರಿತ. ಬೆರಳು ಸವರಿದರೆ ತರಚದ ಹಾಗೆ ಆಗುವವರೆಗೂ ಫ್ಲಾಪ್ ಡಿಸ್ಕಿನಲ್ಲಿ ಉಜ್ಜಿ. ಇಲ್ಲಿ ಅವಸರ ಮಾಡಿದರೆ ಪ್ರತಿ ಸಲ ತೊಳೆಯುವಾಗಲೂ ಕೈ ಕುಯ್ಯುತ್ತದೆ.

ಇನ್ನು ನಲ್ಲಿ. ಈ ಹಂಡೆ ವರ್ಷಗಟ್ಟಲೆ ಸುಖ ಕೊಡುತ್ತದಾ ತಲೆನೋವು ಕೊಡುತ್ತದಾ ಅನ್ನುವುದು ಆ ಒಂದು ತೂತಿನ ಮೇಲೆ ನಿಂತಿದೆ.

ಕೆಗ್ಗಿನ ತಳ ಬಟ್ಟಲಿನ ಹಾಗೆ ಕೆಳಕ್ಕೆ ಬಾಗಿದೆ. ನಡುವೆ ಎಲ್ಲಕ್ಕಿಂತ ತಗ್ಗು. ನಲ್ಲಿ ಆದಷ್ಟು ಕೆಳಗಿರಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ನಾನೂ ಮೊದಲ ಕೆಗ್ಗಿಗೆ ಹಾಗೇ ಮಾಡಿದೆ, ಗೋಡೆ ತಳಕ್ಕೆ ತಿರುಗುವ ಕಡೆಯೇ ತೂತು ಕೊರೆದೆ. ಅಲ್ಲಿ ಸ್ಟೀಲು ಎರಡೂ ಕಡೆಗೆ ಬಾಗಿರುತ್ತದೆ. ವಾಷರ್ ಸಮನಾಗಿ ಕೂರಲೇ ಇಲ್ಲ. ಮೂರು ತಿಂಗಳು ಹನಿಹನಿ ಸೋರಿತು, ಕೊನೆಗೆ ಬೆಸುಗೆ ಹಾಕಿ ಮುಚ್ಚಿದೆ. ತೂತು ಇರಬೇಕಾದದ್ದು ಆ ತಿರುವಿಗಿಂತ ಮೇಲೆ, ಗೋಡೆ ನೆಟ್ಟಗಿರುವ ಕಡೆ. ಕೆಳಗಿನ ರಸ ಹೇಗೆ ಬರುತ್ತದೆ ಅಂತ ಕೇಳುತ್ತೀರಿ. ಒಳಗಡೆ ನಲ್ಲಿಗೆ ಒಂದು ಬಾಗಿದ ಕೊಳವೆ ಸಿಕ್ಕಿಸಿ ಅದರ ಬಾಯಿಯನ್ನು ತಗ್ಗಿನವರೆಗೆ ಇಳಿಸುತ್ತೇವೆ. ರಸದ ಮಟ್ಟ ತೂತಿಗಿಂತ ಕೆಳಗಿಳಿದರೂ, ಹೊರಗಿನ ಪೈಪು ಇನ್ನೂ ಕೆಳಗಿದ್ದರೆ ಹರಿವು ನಿಲ್ಲುವುದಿಲ್ಲ. ಡ್ರಮ್ಮಿನಿಂದ ಪೈಪು ಹಾಕಿ ಸೀಮೆಎಣ್ಣೆ ಇಳಿಸುತ್ತಿದ್ದರಲ್ಲ, ಅದೇ ಉಪಾಯ. ಒಂದೇ ನಿಯಮ: ಆ ಕೊಳವೆಯ ಜೋಡಣೆಯಲ್ಲಿ ಎಲ್ಲೂ ಗಾಳಿ ನುಗ್ಗಬಾರದು. ನುಗ್ಗಿದರೆ ತಳದಲ್ಲಿ ಗ್ಯಾಲನ್‌ಗಟ್ಟಲೆ ರಸ ಉಳಿಯುತ್ತದೆ.

ಬೆಸುಗೆ ಇಲ್ಲದ ನಲ್ಲಿ ಸೋರೇ ಸೋರುತ್ತದೆ ಅನ್ನುವುದು ಸುಳ್ಳು. ಸೋರುವುದಕ್ಕೆ ಕಾರಣಗಳಿವೆ. ತೂತಿನ ಅಂಚಲ್ಲಿ ಮುಳ್ಳು ಉಳಿದಿರುತ್ತದೆ, ಅದು ಸಂದಿ ಮುಚ್ಚುವ ಸಿಲಿಕೋನ್ ಉಂಗುರವನ್ನು, ಅಂದರೆ ಓ-ರಿಂಗನ್ನು, ಕುಯ್ಯುತ್ತದೆ. ಇಲ್ಲವೇ ಸೋರುತ್ತಿದೆ ಅಂತ ಮೈಯೆಲ್ಲ ಬಲ ಹಾಕಿ ಬಿಗಿದಿರುತ್ತಾರೆ, ಓ-ರಿಂಗ್ ಹಿಚುಕಿಕೊಂಡು ಪಕ್ಕಕ್ಕೆ ಜಾರುತ್ತದೆ. ಇಲ್ಲವೇ ಬರ್ನರಿನ ಜ್ವಾಲೆ ಕೆಗ್ಗಿನ ಪಕ್ಕದಿಂದ ಮೇಲೆ ನೆಕ್ಕಿ ಅದನ್ನು ಸುಟ್ಟಿರುತ್ತದೆ. ಮೂರಕ್ಕೂ ಮದ್ದು ಇದೆ. ತೂತನ್ನು ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಬಿಟ್‌ನಲ್ಲಿ ಕೊರೆಯಿರಿ. ವೇಗ ಕಡಿಮೆ, ಒತ್ತಡ ಜಾಸ್ತಿ, ಎಣ್ಣೆ ಧಾರಾಳ. ಜೋರಾಗಿ ತಿರುಗಿಸಿದರೆ ಸ್ಟೇನ್‌ಲೆಸ್ ಕಾದು ಅಲ್ಲೇ ಗಟ್ಟಿಯಾಗಿ ಕೂರುತ್ತದೆ, ಬಿಟ್ ಹಾಳಾಗುತ್ತದೆ. ಅರ್ಧ ಇಂಚಿನ ನಲ್ಲಿಗೆ ತೂತು ಸಾಮಾನ್ಯವಾಗಿ ಒಂದು ಇಂಚಿಗಿಂತ ಸ್ವಲ್ಪ ಕಡಿಮೆ ಇರುತ್ತದೆ. ನಿಮ್ಮ ಕಿಟ್ ಏನು ಹೇಳುತ್ತದೋ ಅದಕ್ಕಿಂತ ಕೂದಲೆಳೆಯೂ ಜಾಸ್ತಿ ಬೇಡ. ಒಳಗೂ ಹೊರಗೂ ಅಂಚು ಉಜ್ಜಿ. ಜ್ವಾಲೆಗೂ ನಲ್ಲಿಗೂ ನಡುವೆ ಒಂದು ತಗಡು ಅಡ್ಡ ಇಡಿ.

ಬೆಸುಗೆ ನನ್ನ ಕಸುಬು. ಆದರೂ ಎಲ್ಲರಿಗೂ ಅದನ್ನೇ ಮಾಡಿಸಿ ಅನ್ನುವುದಿಲ್ಲ. ಒಳ್ಳೆಯ ಬೆಸುಗೆ ಹಾಕಬೇಕಾದರೆ ಟಿಗ್ ಮಷೀನು ಬೇಕು, ಹೊರಗಿನಿಂದ ಬೆಸೆಯುವಾಗ ಒಳಬದಿಗೂ ಆರ್ಗಾನ್ ಗ್ಯಾಸ್ ಹರಿಸಬೇಕು. ಹಾಗೆ ಮಾಡದಿದ್ದರೆ ಒಳಬದಿಯಲ್ಲಿ ಕಪ್ಪಗೆ ಸಕ್ಕರೆ ಹರಳಿನ ಹಾಗೆ ಒರಟಾಗುತ್ತದೆ. ಆ ಸಂದಿಯಲ್ಲಿ ಕೊಳೆ ಕೂರುತ್ತದೆ, ತುಕ್ಕೂ ಬರುತ್ತದೆ. ಗೇಟು, ಗ್ರಿಲ್ ಮಾಡುವ ವೆಲ್ಡರ್ ಕೈಗೆ ಕೊಡಬೇಡಿ. ಆಹಾರದ ಪಾತ್ರೆ, ಡೇರಿ ಪೈಪು ಬೆಸೆದು ಗೊತ್ತಿರುವವರಿಗೆ ಕೊಡಿ.

ನಡುವಿನ ದಾರಿಯೊಂದಿದೆ, ನನಗೆ ಇಷ್ಟವಾದದ್ದು. ಸೀಸ ಇಲ್ಲದ ತವರ-ಬೆಳ್ಳಿ ಬೆಸುಗೆ. ಊರಲ್ಲಿ ಕಲಾಯಿ ಹಾಕುವವರು ನವಸಾಗರ ಉಜ್ಜಿ, ಪಾತ್ರೆಯನ್ನು ಹದವಾಗಿ ಕಾಯಿಸಿ ತವರ ಹರಡುತ್ತಿದ್ದುದನ್ನು ನೀವು ನೋಡಿರಬಹುದು. ಇದೂ ಅದೇ ಜಾತಿ. ಸ್ಟೇನ್‌ಲೆಸ್ಸಿಗೆ ಆಗುವ ಫ್ಲಕ್ಸ್ (ನವಸಾಗರದ ಕೆಲಸ ಮಾಡುವ ಲೇಪ) ಹಚ್ಚಿ, ಸಣ್ಣ ಟಾರ್ಚಿನಲ್ಲಿ ಮೆಲ್ಲಗೆ ಕಾಯಿಸಿದರೆ ತವರ ಸಂದಿಯೊಳಗೆ ತಾನಾಗಿ ಎಳೆದುಕೊಳ್ಳುತ್ತದೆ. ಜಾಸ್ತಿ ಕಾಯಿಸಿದರೆ ಫ್ಲಕ್ಸ್ ಸುಟ್ಟು ಕರಿಯಾಗುತ್ತದೆ, ಆಮೇಲೆ ತವರ ಹಿಡಿಯುವುದಿಲ್ಲ. ಮೊದಲು ಕತ್ತರಿಸಿ ತೆಗೆದ ಮೇಲ್ಭಾಗದ ತುಂಡಿನ ಮೇಲೆ ಅಭ್ಯಾಸ ಮಾಡಿ. ಮುಗಿದ ಮೇಲೆ ಫ್ಲಕ್ಸನ್ನು ಚೆನ್ನಾಗಿ ತೊಳೆಯಬೇಕು, ಅದು ಆಮ್ಲ. ಮತ್ತು ನೀರಿಲ್ಲದೆ ಕೆಗ್ಗನ್ನು ಯಾವತ್ತೂ ಬೆಂಕಿ ಮೇಲಿಡಬಾರದು, ಬೆಸುಗೆ ಕರಗಿಬಿಡುತ್ತದೆ.

ಮೊದಲ ಕೆಗ್ಗಿಗೆ ನನ್ನ ಸಲಹೆ ಬೆಸುಗೆ ಇಲ್ಲದ ನಲ್ಲಿಯೇ. ಒಂದೇ ತೂತು, ಒಂದೇ ಸ್ಟೀಲ್ ಬಾಲ್ ವಾಲ್ವ್. ಮೂರು ಭಾಗವಾಗಿ ಬಿಚ್ಚುವ ವಾಲ್ವ್ ತಗೊಳ್ಳಿ, ಒಳಗಡೆ ಅಂಟಿದ ಸಕ್ಕರೆಯನ್ನು ತೊಳೆಯಬಹುದು. ಥರ್ಮಾಮೀಟರಿಗೆ ಇನ್ನೊಂದು, ಮಟ್ಟ ನೋಡುವ ಗಾಜಿನ ಕೊಳವೆಗೆ ಮತ್ತೊಂದು ಅಂತ ತೂತು ಹೆಚ್ಚಿಸಿದಷ್ಟೂ ಸೋರುವ ಜಾಗ ಹೆಚ್ಚುತ್ತದೆ. ಕುದಿಯುವ ಹಂಡೆಯ ಉಷ್ಣತೆ ಎಷ್ಟು ಅಂತ ನೋಡುವುದಾದರೂ ಏಕೆ? ಅಳತೆಗೆ ಒಂದು ಮರದ ಕೋಲು ಸಾಕು. ಗ್ಯಾಲನ್ ಲೆಕ್ಕದಲ್ಲಿ ನೀರು ಹಾಕುತ್ತಾ ಕೋಲಿಗೆ ಗೀರು ಹಾಕಿಟ್ಟುಕೊಳ್ಳಿ.

ಲೋಹದ ವಾಸನೆಯ ಮಾತು. ಸ್ಟೇನ್‌ಲೆಸ್ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಇರುತ್ತದೆ. ಅದು ಇರುವವರೆಗೆ ರುಚಿಗೆ ಏನೂ ಆಗುವುದಿಲ್ಲ. ನೀವು ಕುಡಿಯುವ ಬಿಯರ್ ವಾರಗಟ್ಟಲೆ ಇದೇ ಕೆಗ್ಗಿನಲ್ಲಿ ಕೂತು ಬಂದಿತ್ತು, ಅಲ್ವಾ? ವಾಸನೆ ಬಂದಿದ್ದರೆ ಕಬ್ಬಿಣದ ನಾರಿನಲ್ಲಿ ಉಜ್ಜಿರುತ್ತಾರೆ, ಇಲ್ಲ ನೀರಲ್ಲೇ ಕಬ್ಬಿಣ ಇರುತ್ತದೆ. ಕತ್ತರಿಸಿ ಕೊರೆದ ಜಾಗಗಳನ್ನು ಆಕ್ಸಾಲಿಕ್ ಆಮ್ಲ ಇರುವ ಸ್ಟೀಲ್ ಪುಡಿಯಲ್ಲಿ ಉಜ್ಜಿ, ಚೆನ್ನಾಗಿ ತೊಳೆದು, ಒಣಗಲು ಬಿಡಿ. ಗಾಳಿ ತಗುಲಿ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಬ್ಲೀಚ್ ಮಾತ್ರ ಹಾಕಬೇಡಿ, ಕ್ಲೋರಿನ್ ಸ್ಟೀಲಿನಲ್ಲಿ ಸೂಜಿಮೊನೆ ತೂತು ಮಾಡುತ್ತದೆ.

ರುಚಿ ಕೆಡಿಸುವುದು ಬೇರೆ ಎರಡು. ಒಂದು, ಮುಚ್ಚಳ ಹಾಕಿ ಕುದಿಸುವುದು. ಮಾಲ್ಟ್ ಕುದಿಯುವಾಗ ಬೇಯಿಸಿದ ಜೋಳದ ವಾಸನೆಯ ಗಂಧಕದ ಅಂಶ ಹುಟ್ಟಿ ಆವಿಯ ಜೊತೆ ಹೊರಗೆ ಹೋಗಬೇಕು. ಮುಚ್ಚಿದರೆ ಅಲ್ಲೇ ಉಳಿಯುತ್ತದೆ. ಮುಚ್ಚಳ ಹಾಕುವುದು ರಸ ತಣ್ಣಗಾಗಿಸುವಾಗ ಮಾತ್ರ. ಎರಡು, ಸೀದು ಹೋಗುವುದು. ಕೆಗ್ಗಿನ ತಳ ತೆಳ್ಳಗೆ, ಉರಿ ಒಂದೇ ಕಡೆ ನಿಂತರೆ ಅಲ್ಲಿ ಹತ್ತುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವರು ಕೈ ಆಡಿಸುವುದನ್ನು ನಿಲ್ಲಿಸುತ್ತಿರಲಿಲ್ಲ. ಮಾಲ್ಟ್ ಸಿರಪ್ ಹಾಕುವವರಾದರೆ ಉರಿ ಆರಿಸಿ, ಹಾಕಿ, ಪೂರ್ತಿ ಕರಗಿದ ಮೇಲೆ ಮತ್ತೆ ಹಚ್ಚಿ.

ಅಡುಗೆಮನೆಯ ಸ್ಟವ್ ಇದಕ್ಕೆ ಸಾಲದು. ರಸ ತುಂಬಿದ ಕೆಗ್ಗು 60 ಕೆಜಿ ತೂಗುತ್ತದೆ. ಗಟ್ಟಿ ಸ್ಟ್ಯಾಂಡಿನ ಪ್ರೊಪೇನ್ ಬರ್ನರ್ ಬೇಕು, ಅದನ್ನು ಬಯಲಲ್ಲೇ ಉರಿಸಬೇಕು. ಓಹಾಯೋ ಚಳಿಗೆ ಗ್ಯಾರೇಜಿನೊಳಗೆ ಉರಿಸುವ ಆಸೆ ಬರುತ್ತದೆ. ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಒಳಗೇ ಮಾಡಬೇಕೆಂದರೆ 240 ವೋಲ್ಟಿನ 5500 ವ್ಯಾಟ್ ಕಾಯಿಲ್ ಹಾಕಿಸಬಹುದು. 12 ಗ್ಯಾಲನ್ ನೀರು ಮುಕ್ಕಾಲು ಗಂಟೆಯಲ್ಲಿ, ಸ್ವಲ್ಪ ಹೆಚ್ಚು ಕಡಿಮೆ, ಕುದಿಗೆ ಬರುತ್ತದೆ. ಆದರೆ ವೈರಿಂಗು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು, ನೆಲಕ್ಕೆ ಕರೆಂಟ್ ಸೋರಿದರೆ ಕಡಿಯುವ ಬ್ರೇಕರ್ ಇರಲೇಬೇಕು. ಕುದಿಯುವ ಹಂಡೆಯನ್ನು ಎತ್ತಬೇಡಿ. ಇಟ್ಟ ಜಾಗದಲ್ಲೇ ಆರಲಿ.

ಪಾತ್ರೆಯನ್ನೇ ಕೊಳ್ಳಲಾ ಅಂದಿರಿ. ಹಿಂದೆ ದೊಡ್ಡ ಸ್ಟೀಲ್ ಪಾತ್ರೆ ಬಹಳ ದುಬಾರಿ ಇತ್ತು, ಅದಕ್ಕೇ ಜನ ಕೆಗ್ ಕತ್ತರಿಸಲು ಹೊರಟರು. ಕೆಗ್ಗು, ಕೆಟಲ್ಲು ಸೇರಿಸಿ ಕೆಗಲ್ ಅಂತ ಹೆಸರೂ ಇಟ್ಟರು. ಈಗ 15 ಗ್ಯಾಲನ್ ಪಾತ್ರೆ ಎಷ್ಟೋ ಕಡಿಮೆಗೆ ಸಿಗುತ್ತದೆ. ಕೆಗ್, ಚಕ್ರ, ಸ್ಟೆಪ್ ಬಿಟ್, ವಾಲ್ವ್, ಕೊಳವೆ, ಮುಚ್ಚಳ ಎಲ್ಲ ಕೂಡಿಸಿದರೆ ಉಳಿತಾಯ ಅಷ್ಟೇನೂ ಇರುವುದಿಲ್ಲ. ಕೆಗ್ಗಿನ ಗುಣ ಬೇರೆ. ಬಿದ್ದರೂ ಏನಾಗದು, ಬರ್ನರ್ ಮೇಲೆ ಅಲ್ಲಾಡದೆ ಕೂರುತ್ತದೆ, ನಿಮ್ಮ ಮಗನ ಕಾಲಕ್ಕೂ ಇರುತ್ತದೆ. ನೀವು ಧಾನ್ಯವನ್ನು ಬಟ್ಟೆ ಚೀಲದಲ್ಲಿ ನೆನೆಸಿ ಎತ್ತುವವರಾದರೆ ಮಾತ್ರ ನೇರ ಗೋಡೆಯ ಪಾತ್ರೆಯನ್ನೇ ಕೊಳ್ಳಿ. ಕೆಗ್ಗಿನ ಒಳ ಅಗಲ 15 ಇಂಚಿನ ಮೇಲೆ, ಬಾಯಿ 12. ಉಬ್ಬಿದ ಬಿಸಿ ಚೀಲ ಆ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಹರಿದದ್ದನ್ನು ಕಂಡಿದ್ದೇನೆ. ರಸ ತಣ್ಣಗಾಗಿಸುವ ತಾಮ್ರದ ಸುರುಳಿಯೂ ಆ ಬಾಯಲ್ಲಿ ಹಿಡಿಸುತ್ತದಾ ಅಂತ ಅಳೆದುಕೊಳ್ಳಿ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಊರಲ್ಲಿ ಓದುವವರಿಗಾಗಿ ಹೇಳುತ್ತೇನೆ. ಅಮೆರಿಕದಲ್ಲಿ 1978ರ ಕಾಯ್ದೆಯಿಂದ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಬಹುದು. ವರ್ಷಕ್ಕೆ ಒಬ್ಬರೇ ಇರುವ ಮನೆಗೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200. ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಇದನ್ನು ಮಾಡುವಂತಿಲ್ಲ. ಇದನ್ನು ಓದಿ ಬೆಂಗಳೂರಿನ ಮನೆಯಲ್ಲಿ ಹಂಡೆ ಹೂಡಬೇಡಿ.

ಎಲ್ಲ ಜೋಡಿಸಿದ ಮೇಲೆ ಮೊದಲು ತಣ್ಣೀರು ತುಂಬಿ ಒಂದು ರಾತ್ರಿ ಬಿಡಿ, ನಲ್ಲಿಯ ಕೆಳಗೆ ಒಣ ಪೇಪರ್ ಹಾಸಿ. ಬೆಳಿಗ್ಗೆ ಅದೇ ನೀರನ್ನು ಒಂದು ಗಂಟೆ ಕುದಿಸಿ ಎಷ್ಟು ಆವಿಯಾಯಿತು ಅಂತ ಕೋಲಿನಲ್ಲಿ ಅಳೆದು ಬರೆದಿಡಿ. ಅದಕ್ಕೂ ಮುಂಚೆ, ಹೊಸ ಕೆಗ್ ಸಿಕ್ಕಿ ತೂತಿನ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿದ ದಿನ, ಒಂದು ಫೋಟೊ ತೆಗೆದು ಕಳಿಸಿ. ನೋಡಿ ಹೇಳುತ್ತೇನೆ, ಆಮೇಲೆ ಕೊರೆಯಿರಿ.